ಊರಿನ ಬೀಜ ಅಮೆರಿಕದ ಹಿತ್ತಲಿಗೆ: ಹೊರಡುವ ಮೊದಲೇ ಮುಗಿಸಬೇಕಾದ ಕೆಲಸ

ರಜೆಗೆ ಊರಿಗೆ ಬಂದು ಅಮೆರಿಕಕ್ಕೆ ಮರಳುವವರ ಸೂಟ್‌ಕೇಸಿನಲ್ಲಿ ಹೀರೆ, ಹಾಗಲ, ದಂಟಿನ ಬೀಜ ಎಲ್ಲಾದರೊಂದು ಮೂಲೆಯಲ್ಲಿ ಇದ್ದೇ ಇರುತ್ತದೆ. ಅದನ್ನು ಬಟ್ಟೆಯ ಮಡಿಕೆಯಲ್ಲಿ ಬಚ್ಚಿಡುವ ಅಗತ್ಯವೇ ಇಲ್ಲ, ರಾಜಾರೋಷವಾಗಿ ಒಯ್ಯಲು ದಾರಿಯಿದೆ. ಆದರೆ ಆ ಕೆಲಸ ಶುರುವಾಗಬೇಕಾದದ್ದು ಊರಿನ ಬೀಜದಂಗಡಿಯಲ್ಲಲ್ಲ. ಅಮೆರಿಕದಿಂದ ಹೊರಡುವುದಕ್ಕೆ ತಿಂಗಳೆರಡು ತಿಂಗಳು ಮೊದಲೇ ಶುರುವಾಗಬೇಕು.

ಅಲ್ಲಿನ ಕೃಷಿ ಇಲಾಖೆಯ ಅಡಿಯಲ್ಲಿರುವ ಏಫಿಸ್ ಸಂಸ್ಥೆ ‘ಸ್ಮಾಲ್ ಲಾಟ್ಸ್ ಆಫ್ ಸೀಡ್’ ಎಂಬ ಪರ್ಮಿಟ್ ಕೊಡುತ್ತದೆ. ಅರ್ಜಿಯ ನಮೂನೆ ಪಿಪಿಕ್ಯೂ 587. ಶುಲ್ಕವಿಲ್ಲ. ಅರ್ಜಿದಾರರಿಗೆ ಅಮೆರಿಕದಲ್ಲಿ ವಿಳಾಸ ಇರಬೇಕು. ಇ-ಫೈಲ್ ಎಂಬ ಅವರದೇ ತಾಣದಲ್ಲಿ ಖಾತೆ ತೆರೆದು ಗುರುತು ದೃಢಪಡಿಸಬೇಕಾಗುತ್ತದೆ; ಮೊದಲ ಸಲ ತಡವಾಗುವುದೇ ಇಲ್ಲಿ. ಈ ಪರ್ಮಿಟ್‌ನ ದೊಡ್ಡ ಅನುಕೂಲವೆಂದರೆ, ಭಾರತದಿಂದ ಫೈಟೋಸ್ಯಾನಿಟರಿ ಸರ್ಟಿಫಿಕೇಟ್ (ರೋಗ, ಕೀಟ ಇಲ್ಲವೆಂದು ಸರ್ಕಾರ ಕೊಡುವ ಪ್ರಮಾಣಪತ್ರ) ಬೇಕಾಗುವುದಿಲ್ಲ. ಪರ್ಮಿಟ್ ಇಲ್ಲದಿದ್ದರೆ ಬಿತ್ತನೆ ಬೀಜಕ್ಕೆ ಆ ಸರ್ಟಿಫಿಕೇಟ್ ಬೇಕೇ ಬೇಕು. ನಾಲ್ಕು ಪೊಟ್ಟಣ ಬೀಜಕ್ಕಾಗಿ ಪ್ಲಾಂಟ್ ಕ್ವಾರಂಟೈನ್ ಕೇಂದ್ರಕ್ಕೆ ಅಲೆಯುವ ವ್ಯವಧಾನ ರಜೆಯಲ್ಲಿ ಯಾರಿಗಿದೆ?

ಪ್ರಮಾಣದ ಲೆಕ್ಕ ಹೀಗಿದೆ. ಒಂದು ಪೊಟ್ಟಣದಲ್ಲಿ ಒಂದೇ ಜಾತಿ, 50 ಬೀಜ ಅಥವಾ 10 ಗ್ರಾಂ ಮೀರಬಾರದು. ಒಟ್ಟು 50 ಪೊಟ್ಟಣ. ಹಾಗಲದಂಥ ದೊಡ್ಡ ಬೀಜವನ್ನು ಎಣಿಸಿ ಹಾಕಿ. ದಂಟಿನಂಥ ಸಣ್ಣ ಬೀಜವನ್ನು ತೂಗಿ ಹಾಕಿ. 10 ಗ್ರಾಂ ದಂಟಿನಲ್ಲಿ ಬೀಜ ಹತ್ತು ಸಾವಿರ ಮೀರುತ್ತದೆ, ಇಡೀ ಬೀದಿಗೆ ಹಂಚಬಹುದು. ಪ್ರತಿ ಪೊಟ್ಟಣದ ಮೇಲೂ ಸಸ್ಯದ ವೈಜ್ಞಾನಿಕ ಹೆಸರು, ಬೀಜ ಬಂದ ದೇಶ, ಕಳಿಸಿದವರ ಅಥವಾ ಸಂಗ್ರಹಿಸಿದವರ ಹೆಸರು ಇಂಗ್ಲಿಷ್ ಅಕ್ಷರದಲ್ಲಿ ಸ್ಪಷ್ಟವಾಗಿರಬೇಕು. ‘ಹೀರೆ’ ಎಂದೋ ‘ರಿಡ್ಜ್ ಗೋರ್ಡ್’ ಎಂದೋ ಬರೆದರೆ ಸಾಲದು. ಲುಫಾ ಅಕ್ಯುಟಾಂಗುಲಾ ಎಂದೇ ಬರೆಯಬೇಕು. ಹಾಗಲ ಮೊಮೊರ್ಡಿಕಾ ಚರಾಂಟಿಯಾ, ಬದನೆ ಸೊಲಾನಮ್ ಮೆಲೊಂಜೆನಾ, ಸಬ್ಬಸಿಗೆ ಅನೆಥಮ್ ಗ್ರೇವಿಯೊಲೆನ್ಸ್. ಅರ್ಕಾ ಹರಿತ್‌ನಂಥ ತಳಿಯ ಹೆಸರಿದ್ದರೆ ಪಕ್ಕದಲ್ಲಿ ಸೇರಿಸಿ. ಇದೇ ಹೆಸರುಗಳನ್ನು ಅಕಾರಾದಿಯಾಗಿ ಟೈಪ್ ಮಾಡಿದ ಪಟ್ಟಿಯೊಂದು ಪರ್ಮಿಟ್ ಪ್ರತಿಯ ಜೊತೆಗಿರಲಿ. ಪೊಟ್ಟಣ ತೆರೆದು ಮತ್ತೆ ಮುಚ್ಚುವಂತಿರಬೇಕು, ಸಣ್ಣ ಜಿಪ್ ಕವರ್ ಸಾಕು. ಸ್ಟೇಪಲ್ ಹೊಡೆದ ಕಾಗದದ ಪೊಟ್ಟಣ ಬೇಡ. ತಪಾಸಣೆಯ ಮೇಜಿನ ಮೇಲೆ ಹರಿದು ಚೆಲ್ಲುತ್ತದೆ.

ಬಹಳ ಜನ ಸಿಕ್ಕಿಬೀಳುವುದು ಬೀಜದ ಮೈಮೇಲಿನ ಲೇಪದಿಂದ. ಅಂಗಡಿಯ ಹೈಬ್ರಿಡ್ ಬೀಜಕ್ಕೆ ಗುಲಾಬಿಯೋ ಹಸಿರೋ ಬಣ್ಣ ಇದ್ದರೆ ಅದು ಶಿಲೀಂಧ್ರನಾಶಕ. ಔಷಧಿ ಹಚ್ಚಿದ ಬೀಜಕ್ಕೆ ಈ ಪರ್ಮಿಟ್ ನಡೆಯುವುದಿಲ್ಲ. ಉಪಚರಿಸದ ಬೀಜವನ್ನೇ ಕೇಳಿ ತನ್ನಿ. ಹಳ್ಳಿಮನೆಯ ಬೀಜಕ್ಕೆ ಇನ್ನೊಂದು ತೊಡಕು: ನಮ್ಮಲ್ಲಿ ಬೂದಿ ಬೆರೆಸಿಡುತ್ತಾರೆ, ಸೋರೆ ಕುಂಬಳದ ಬೀಜವನ್ನು ಸಗಣಿಯಲ್ಲಿ ತಟ್ಟಿ ಗೋಡೆಗೆ ಅಂಟಿಸುತ್ತಾರೆ. ಕಾಪಿಡುವುದಕ್ಕೆ ಅದು ಒಳ್ಳೆಯ ಪದ್ಧತಿಯೇ, ವಿಮಾನ ಹತ್ತುವುದಕ್ಕಲ್ಲ. ಮಣ್ಣು, ಸಗಣಿ, ಹೊಟ್ಟು, ಒಣಗಿದ ತಿರುಳು ಒಂದು ಚೂರು ಅಂಟಿದ್ದರೂ ತಿರಸ್ಕಾರವಾಗಬಹುದು. ನೀರಿನಲ್ಲಿ ಉಜ್ಜಿ ತೊಳೆದು ನೆರಳಲ್ಲಿ ನಾಲ್ಕೈದು ದಿನ ಒಣಗಿಸಿ. ಹೊರಡುವ ಹಿಂದಿನ ರಾತ್ರಿ ತೊಳೆದರೆ ಕವರಿನೊಳಗೇ ಬೂಷ್ಟು ಹಿಡಿಯುತ್ತದೆ. ತೂತು ಬಿದ್ದ ಕಾಳು ಒಂದು ಕಂಡರೂ ಆ ಪೊಟ್ಟಣ ಪೂರ್ತಿ ಬಿಟ್ಟುಬಿಡಿ, ಒಳಗೆ ಹುಳು ಇದೆ ಎಂದೇ ಅರ್ಥ.

ಪರ್ಮಿಟ್ ಇದ್ದ ಮಾತ್ರಕ್ಕೆ ಎಲ್ಲ ಬೀಜಕ್ಕೂ ಬಾಗಿಲು ತೆರೆಯುವುದಿಲ್ಲ. ಕರಿಬೇವು, ನಿಂಬೆ, ಬಿಲ್ವ ಒಂದೇ ಕುಟುಂಬದವು, ಸಿಟ್ರಸ್ ಗ್ರೀನಿಂಗ್ ಎಂಬ ನಿಂಬೆಜಾತಿಯ ರೋಗ ಹರಡುವ ಸಿಲ್ಲಿಡ್ ಕೀಟಕ್ಕೆ ಆಸರೆ. ಫ್ಲೋರಿಡಾದ ಕಿತ್ತಳೆ ತೋಟಗಳನ್ನು 2005ರಿಂದ ಹಾಳುಗೆಡವಿದ್ದು ಇದೇ ರೋಗ. ಹಾಗಾಗಿ ಗಿಡ, ಬೀಜ, ಹಸಿ ಎಲೆ ಯಾವುದೂ ಬೇಡ. ಕರಿಬೇವಿನ ಬೀಜ ಹಣ್ಣಿನಿಂದ ತೆಗೆದ ಕೆಲವೇ ವಾರಗಳಲ್ಲಿ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ, ಹೇಗೂ ಲಾಭವಿಲ್ಲ. ಅಲ್ಲಿನ ಪರವಾನಗಿ ಪಡೆದ ನರ್ಸರಿಯಲ್ಲೇ ಗಿಡ ಕೊಳ್ಳುವುದು ಜಾಣತನ. ಹುಚ್ಚೆಳ್ಳಿನಲ್ಲಿ ಕಸ್ಕ್ಯೂಟಾ ಎಂಬ ಪರಾವಲಂಬಿ ಕಳೆಯ ಬೀಜ ಬೆರೆತಿರಬಹುದು. ಬಿಸಿ ಉಪಚಾರವಾಗದೆ ಅದು ಒಳಗೆ ಹೋಗದು. ಮಾವಿನ ಓಟೆ ಬೇಡ, ಒಳಗೆ ಓಟೆಹುಳು ಇರಬಹುದು. ಭತ್ತ, ಹತ್ತಿ ಬೇಡ. ದಾಸ್ತಾನಿನ ಕಾಳು ತಿನ್ನುವ ಖಾಪ್ರಾ ಜೀರುಂಡೆಯ ಭಯದಿಂದ 2021ರಿಂದ ಅಕ್ಕಿ, ಕಡಲೆ, ಸೋಯಾ, ಕುಸುಬೆಯನ್ನು ತಿನ್ನುವುದಕ್ಕೆಂದು ಬ್ಯಾಗಿನಲ್ಲಿ ಒಯ್ಯುವುದಕ್ಕೂ ತಡೆಯಿದೆ. ಟೊಮೆಟೊ, ಬ್ಯಾಡಗಿ ಮೆಣಸಿನಕಾಯಿ ಬೀಜಗಳ ನಿಯಮ ವೈರಸ್ ಕಾರಣಕ್ಕೆ 2019ರಿಂದ ಆಗಾಗ ಬದಲಾಗಿದೆ. ಪಟ್ಟಿಯ ಪ್ರತಿಯೊಂದು ಹೆಸರನ್ನೂ ಏಫಿಸ್‌ನ ಎಸಿಐಆರ್ ಎಂಬ ಆಮದು ನಿಯಮಗಳ ಆನ್‌ಲೈನ್ ದತ್ತಾಂಶದಲ್ಲಿ ಹೊರಡುವ ವಾರ ಇನ್ನೊಮ್ಮೆ ನೋಡಿ.

ಗಿಡ ಒಯ್ಯುವ ಆಸೆಗೆ ನಮ್ಮ ಸಲಹೆ: ಬಿಡಿ. ವಿಶೇಷ ನಿರ್ಬಂಧವಿಲ್ಲದ ಜಾತಿಯಾದರೆ 12 ಗಿಡಗಳವರೆಗೆ ಪರ್ಮಿಟ್ ಇಲ್ಲದೆ ಕೈಯಲ್ಲಿ ಒಯ್ಯಬಹುದು ನಿಜ. ಆದರೆ ಫೈಟೋಸ್ಯಾನಿಟರಿ ಸರ್ಟಿಫಿಕೇಟ್ ಕಡ್ಡಾಯ, ಬೇರಿನಲ್ಲಿ ಮಣ್ಣಿನ ಕಣವೂ ಇರಬಾರದು. ಬೇರು ತೊಳೆದ ಗಿಡ ಒಂದೂವರೆ ದಿನದ ಪ್ರಯಾಣದಲ್ಲಿ ಬಾಡದೆ ಉಳಿಯುವುದೇ ಅಪರೂಪ. ಎಲ್ಲರೂ ಕೇಳುವ ಮಲ್ಲಿಗೆಗೆ ವೈರಸ್, ಫಿಲ್ಲೋಡಿ (ಹೂವು ಎಲೆಯಂತಾಗುವ) ರೋಗಗಳ ಕಾರಣ ಭಾರತದಿಂದ ಪ್ರವೇಶವಿಲ್ಲ. ಆರ್ಕಿಡ್‌ಗೆ ಸೈಟಿಸ್ (ಅಳಿವಿನಂಚಿನ ಜೀವಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಕಾಗದವೂ ಬೇಕು.

ಬೀಜ, ಪಟ್ಟಿ, ಪರ್ಮಿಟ್ ಮೂರೂ ಒಂದೇ ಕವರಿನಲ್ಲಿ, ಕೈಚೀಲದಲ್ಲಿರಲಿ. ತಪಾಸಣೆ ನಡೆಯುವುದು ಅಮೆರಿಕದಲ್ಲಿ ಮೊದಲು ಇಳಿಯುವ ನಿಲ್ದಾಣದಲ್ಲಿ. ಷಿಕಾಗೋ ಮೂಲಕ ರ‍್ಯಾಲೇಗೆ ಹೋಗುವವರಿಗೆ ಷಿಕಾಗೋದಲ್ಲಿ. ಅಬುಧಾಬಿ ಮೂಲಕ ಎತಿಹಾದ್‌ನಲ್ಲಿ ಹೋಗುವವರಿಗೆ ಅಮೆರಿಕದ ತಪಾಸಣೆ ಅಲ್ಲೇ ಮುಗಿಯುತ್ತದೆ, ಆಗ ಚೆಕ್-ಇನ್ ಪೆಟ್ಟಿಗೆ ಕೈಗೆ ಸಿಗುವುದಿಲ್ಲ. (ಬೀಜದ ಮಾತು ಬಂದಾಗ ಒಂದು ಎಚ್ಚರಿಕೆ: ಯುಎಇಯಲ್ಲಿ ಗಸಗಸೆ ಮಾದಕವಸ್ತುಗಳ ಲೆಕ್ಕಕ್ಕೆ ಬರುತ್ತದೆ. ಆ ದಾರಿಯಲ್ಲಿ ಹೋಗುವವರು ಅಮ್ಮ ಕಟ್ಟಿಕೊಟ್ಟ ಮಸಾಲೆ ಡಬ್ಬಿಯನ್ನೂ ನೋಡಿಕೊಳ್ಳಿ.)

ಕೇಳುವ ಮೊದಲೇ ‘ಬಿತ್ತನೆ ಬೀಜ ಇದೆ, ಪರ್ಮಿಟ್ ಇದೆ’ ಎಂದು ಹೇಳಿ. ಹೇಳಿದ ಮೇಲೆ ಯಾವುದೋ ಒಂದು ನಿಷಿದ್ಧ ಎಂದಾದರೆ ಅದನ್ನು ಬಿಟ್ಟು ನಡೆಯಬಹುದು, ದಂಡವಿಲ್ಲ. ಮುಚ್ಚಿಟ್ಟು ಸಿಕ್ಕಿಬಿದ್ದರೆ ಮೊದಲ ಸಲವೇ 1,000 ಡಾಲರ್‌ವರೆಗೆ ದಂಡ ಬೀಳಬಹುದು, ವಿಮಾನ ನಿಲ್ದಾಣದ ತಪಾಸಣೆ ಬೇಗ ಮುಗಿಸುವ ಗ್ಲೋಬಲ್ ಎಂಟ್ರಿ ಸೌಲಭ್ಯವೂ ರದ್ದಾಗಬಹುದು. ಅಧಿಕಾರಿ ಅಲ್ಲೇ ನೋಡಿ ಕೊಡಬಹುದು, ಇಲ್ಲವೇ ಪ್ಲಾಂಟ್ ಇನ್‌ಸ್ಪೆಕ್ಷನ್ ಸ್ಟೇಷನ್‌ಗೆ ಕಳಿಸಬಹುದು. ಹಾಗೆ ಕಳಿಸಿದರೆ ಮನೆಗೆ ತರಿಸಿಕೊಳ್ಳುವ ಕೊರಿಯರ್ ಖರ್ಚು ನಮ್ಮದು. ಮುಂದಿನ ವಿಮಾನಕ್ಕೆ ಕನಿಷ್ಠ ಮೂರು ಗಂಟೆ ಬಿಡುವು ಇಟ್ಟುಕೊಂಡೇ ಟಿಕೆಟ್ ತೆಗೆಯಿರಿ.