ಹಗಲು ಡಿಟಿಪಿ, ರಾತ್ರಿ ಗುರುಗ್ರಹ: ಒಂದೇ ಲ್ಯಾಪ್‌ಟಾಪ್‌ನಲ್ಲಿ ಎಲ್ಲ

ಗದಗ-ಬೆಟಗೇರಿಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಬಿಲ್ ಬುಕ್, ಹ್ಯಾಂಡ್‌ಬಿಲ್, ಇವೇ ಕೆಲಸ. ಲ್ಯಾಪ್‌ಟಾಪ್ ಇರುವುದು ಒಂದೇ. ಹಗಲೆಲ್ಲ ಅದರಲ್ಲಿ ವಿನ್ಯಾಸಕ್ಕೆ ಕೋರೆಲ್‌ಡ್ರಾ, ಕನ್ನಡ ಬಡಿಯಲು ನುಡಿ, ಲೆಕ್ಕಕ್ಕೆ ಟ್ಯಾಲಿ. ರಾತ್ರಿ ಅದನ್ನೇ ಬಗಲಲ್ಲಿ ಹಿಡಿದು ಮಾಳಿಗೆ ಹತ್ತುತ್ತೇನೆ. ಅಲ್ಲಿ 127 ಮಿ.ಮೀ. ಮ್ಯಾಕ್ಸುಟೋವ್ ಟೆಲಿಸ್ಕೋಪ್, ಅದರ ಹಿಂದೆ ಎಎಸ್‌ಐ224ಎಂಸಿ ಕ್ಯಾಮೆರಾ. ಇನ್ನೊಂದು ಲ್ಯಾಪ್‌ಟಾಪ್ ತಗೋ ಅಂತ ಗೆಳೆಯರು ಹೇಳಿದರು. ಇದೊಂದರಲ್ಲೇ ಆಗಬೇಕು ಅನ್ನೋದು ನನ್ನ ಹಟ. ಹತ್ತು ದಿನ ಏನೇನಾಯಿತು ಅಂತ ಬರೆದಿಡುತ್ತಿದ್ದೇನೆ.

ಜನವರಿ 3, 2026. ಬನದ ಹುಣ್ಣಿಮೆ. ಓಣಿಯ ಅರ್ಧ ಮಂದಿ ಬನಶಂಕರಿ ಜಾತ್ರೆಗೆ ಹೋಗಿದ್ದರು, ನಾನೂ ಅಂಗಡಿ ಬೇಗ ಮುಚ್ಚಿದೆ. ಹುಣ್ಣಿಮೆ ಚಂದ್ರನ ಹತ್ತಿರದಲ್ಲೇ ಗುರು ಹೊಳೆಯುತ್ತಿದ್ದ. ಕ್ಯಾಮೆರಾ ನಡೆಸುವ ಶಾರ್ಪ್‌ಕ್ಯಾಪ್ ಪ್ರೋಗ್ರಾಂ ತೆರೆದರೆ ಕ್ಯಾಮೆರಾ ಸಿಗುತ್ತಿಲ್ಲ ಅಂತ ಬಂತು. ಕೇಬಲ್ ಬದಲಿಸಿದೆ, ಪೋರ್ಟ್ ಬದಲಿಸಿದೆ, ಡ್ರೈವರ್ ತೆಗೆದು ಮತ್ತೆ ಹಾಕಿದೆ. ಒಂದು ತಾಸು ಹೋಯಿತು. ಕೊನೆಗೆ ನೋಡಿದರೆ, ಸಂಜೆ ಸುಮ್ನೆ ಹೋಲಿಸಿ ನೋಡೋಣ ಅಂತ ತೆರೆದಿದ್ದ ಅಂಥದ್ದೇ ಇನ್ನೊಂದು ಪ್ರೋಗ್ರಾಂ, ಫೈರ್‌ಕ್ಯಾಪ್ಚರ್, ಇನ್ನೂ ಕೆಳಗಿನ ಪಟ್ಟಿಯಲ್ಲಿ ಕೂತಿತ್ತು. ಇಂಥ ಕ್ಯಾಮೆರಾ ಒಂದು ಸಲಕ್ಕೆ ಒಂದೇ ಪ್ರೋಗ್ರಾಂ ಕೈಗೆ ಸಿಗುತ್ತದೆ. ಮೊದಲು ಹಿಡಿದವರು ಬಿಡೋವರೆಗೆ ಎರಡನೆಯವರಿಗೆ ಅದು ಇಲ್ಲದ ಹಾಗೇ. ಪ್ರೋಗ್ರಾಂ ಅರ್ಧಕ್ಕೆ ನಿಂತು ಕಿಟಕಿ ಮಾಯವಾದರೂ ಒಳಗೆ ಜೀವಂತ ಇದ್ದು ಕ್ಯಾಮೆರಾ ಹಿಡಿದಿರಬಹುದು, ಟಾಸ್ಕ್ ಮ್ಯಾನೇಜರ್‌ನಲ್ಲಿ ಹುಡುಕಿ ಮುಗಿಸಬೇಕು. ಈಗ ಕೇಬಲ್ ಮುಟ್ಟುವ ಮೊದಲು ಅಲ್ಲೇ ನೋಡುತ್ತೇನೆ.

ಜನವರಿ 5. ಇವತ್ತು ಮೌಂಟ್, ಅಂದರೆ ಟೆಲಿಸ್ಕೋಪನ್ನು ಹೊತ್ತು ತಿರುಗಿಸುವ ಮೋಟಾರು ಸ್ಟ್ಯಾಂಡಿನ ತಕರಾರು. ಆಕಾಶದ ನಕಾಶೆಗೆ ಸ್ಟೆಲೇರಿಯಮ್ ಇಟ್ಟುಕೊಂಡಿದ್ದೇನೆ, ಅದರಿಂದಲೇ ಟೆಲಿಸ್ಕೋಪ್ ತಿರುಗಿಸುತ್ತೇನೆ. ಶಾರ್ಪ್‌ಕ್ಯಾಪ್‌ಗೂ ಮೌಂಟ್ ಬೇಕು, ಗ್ರಹ ಅಂಚಿಗೆ ಹೋದರೆ ಅಲ್ಲಿಂದಲೇ ನಡುವೆ ತರಬಹುದು. ಆದರೆ ಸ್ಟೆಲೇರಿಯಮ್, ಮೌಂಟ್ ಜೊತೆ ಮಾತಾಡುವ ಕಾಮ್ ಪೋರ್ಟನ್ನು ನೇರವಾಗಿ ಹಿಡಿದು ಕೂತಿತ್ತು. ಮತ್ತೆ ಅದೇ ಕಥೆ, ಅಲ್ವಾ? ಇದಕ್ಕೆ ಮಾತ್ರ ದಾರಿ ಇದೆ. ಎರಡನ್ನೂ ಆಸ್ಕಾಮ್ ಎಂಬ ಮಧ್ಯವರ್ತಿ ಡ್ರೈವರ್ ಮೂಲಕವೇ ಮೌಂಟ್‌ಗೆ ಜೋಡಿಸಿದೆ. ಪೋರ್ಟ್ ಹಿಡಿಯುವುದು ಡ್ರೈವರ್ ಒಂದೇ, ಪ್ರೋಗ್ರಾಂಗಳೆರಡೂ ಅದಕ್ಕೆ ಹೇಳುತ್ತವೆ. ಹತ್ತು ನಿಮಿಷದ ಕೆಲಸ.

ಜನವರಿ 7. ಇದು ದೊಡ್ಡದು. ರಾತ್ರಿ ಹತ್ತೂವರೆಗೆ ಗುರುವಿನ ವಿಡಿಯೋ ತೆಗೆಯುತ್ತಿದ್ದೆ. ಬನಶಂಕರಿ ಜಾತ್ರೆಯ ನಾಟಕ ಕಂಪನಿಯೊಂದರ ಹ್ಯಾಂಡ್‌ಬಿಲ್ ಕೆಲಸ ನನ್ನ ಹತ್ತಿರ ಇತ್ತು. ಅವರ ಫೋನ್ ಬಂತು.

"ಅಣ್ಣಾರ, ಪ್ರೂಫ್ ಒಂದ್ ಸಲ ಕಳಸ್ರಿ. ಮುಂಜಾನೆ ಪ್ರೆಸ್ಸಿಗೆ ಕೊಡಬೇಕ್ರಿ."

"ಹತ್ತ ನಿಮಿಷ ತಡೀರಿ, ಕಳಸ್ತೀನಿ" ಅಂದವನು ತಡೆಯಲಿಲ್ಲ. ರೆಕಾರ್ಡಿಂಗ್ ನಡೆದಿರುವಾಗಲೇ ಕೋರೆಲ್‌ಡ್ರಾ ತೆರೆದು ಪಿಡಿಎಫ್ ಮಾಡಲು ಹೊರಟೆ. ಶಾರ್ಪ್‌ಕ್ಯಾಪ್‌ನ ಕೆಳಗಿನ ಸಾಲಿನಲ್ಲಿ ಡಿಸ್ಕಿಗೆ ಹೋಗಲು ಕಾದಿರುವ ಫ್ರೇಮುಗಳ (ವಿಡಿಯೋದ ಒಂದೊಂದು ಚಿತ್ರ) ಮೆಮೊರಿ ಅಂಕಿ ಏರತೊಡಗಿತು. ಅದು ತುಂಬಿದ ಕೂಡಲೇ ಬಿಟ್ಟುಹೋದ ಫ್ರೇಮುಗಳ ಲೆಕ್ಕ ಶುರು. ಸೊನ್ನೆ ಇದ್ದದ್ದು ನೂರು, ನಾನೂರು, ಸಾವಿರ. ನನ್ನ ಕಣ್ಣೆದುರೇ ಗುರು ಸೋರಿಹೋಗುತ್ತಿದ್ದ.

ಮರುದಿನ ಅಂಗಡಿಯಲ್ಲಿ ಕೂತು ಲೆಕ್ಕ ಹಾಕಿದೆ. ಈ ಕ್ಯಾಮೆರಾದ ಪೂರ್ತಿ ಚಿತ್ರ 1304×976 ಪಿಕ್ಸೆಲ್. 8 ಬಿಟ್‌ನಲ್ಲಿ ಪಿಕ್ಸೆಲ್ಲಿಗೆ ಒಂದು ಬೈಟ್, ಅಂದರೆ ಒಂದು ಫ್ರೇಮ್ ಸುಮಾರು 1.27 ಎಂಬಿ. 10 ಮಿಲಿಸೆಕೆಂಡ್ ಎಕ್ಸ್‌ಪೋಷರ್ ಇಟ್ಟಿದ್ದೆ, ಹಾಗಾಗಿ ಸೆಕೆಂಡಿಗೆ 100 ಫ್ರೇಮ್. ಅಂದರೆ ಸೆಕೆಂಡಿಗೆ 127 ಎಂಬಿ ಡಿಸ್ಕಿಗೆ ಬೀಳಬೇಕು. ನನ್ನ ಲ್ಯಾಪ್‌ಟಾಪ್‌ನಲ್ಲಿರುವುದು ಹಳೆಯ ತಿರುಗುವ ಹಾರ್ಡ್‌ಡಿಸ್ಕ್. ಬೇರೆ ಕೆಲಸ ಇಲ್ಲದಿದ್ದರೂ ಅದು ಸೆಕೆಂಡಿಗೆ 90 ಎಂಬಿ ಬರೆದರೆ ದೊಡ್ಡ ಮಾತು. ಅಂದರೆ ಹ್ಯಾಂಡ್‌ಬಿಲ್ ಬಾರದಿದ್ದರೂ ಫ್ರೇಮ್ ಬಿಟ್ಟುಹೋಗುತ್ತಲೇ ಇದ್ದವು, ಸ್ವಲ್ಪ ತಡವಾಗಿ ಅಷ್ಟೆ. ಟಾಸ್ಕ್ ಮ್ಯಾನೇಜರ್ ನೋಡಿದರೆ ಪ್ರೊಸೆಸರ್ ಅರ್ಧವೂ ದುಡಿಯುತ್ತಿಲ್ಲ, ಡಿಸ್ಕ್ ಮಾತ್ರ 100 ಪರ್ಸೆಂಟ್. ಪ್ರೊಸೆಸರ್ ಸಾಲುತ್ತಿಲ್ಲ ಅಂತ ಇಷ್ಟು ದಿನ ತಿಳಿದಿದ್ದೆ. ತಪ್ಪು.

ಇನ್ನೊಂದು ಲೆಕ್ಕ ಇನ್ನೂ ಖುಷಿ ಕೊಟ್ಟಿತು. ನನ್ನ ಟೆಲಿಸ್ಕೋಪಿನ ಫೋಕಲ್ ಲೆಂತ್ 1500 ಮಿ.ಮೀ., ಪಿಕ್ಸೆಲ್ 3.75 ಮೈಕ್ರಾನ್. ಇದರಲ್ಲಿ ಗುರು ಮೂಡುವುದು 90 ಪಿಕ್ಸೆಲ್ ಅಗಲಕ್ಕೆ. 1304 ಪಿಕ್ಸೆಲ್ ಅಗಲದ ಚಿತ್ರದಲ್ಲಿ 90 ಪಿಕ್ಸೆಲ್ ಗುರು! ಉಳಿದದ್ದೆಲ್ಲ ಕತ್ತಲು. ಆ ಕತ್ತಲನ್ನು ನಾನು ಸೆಕೆಂಡಿಗೆ ನೂರು ಸಲ ಡಿಸ್ಕಿಗೆ ತುಂಬುತ್ತಿದ್ದೆ. 640×480ಕ್ಕೆ ಇಳಿಸಿದರೆ ಸೆಕೆಂಡಿಗೆ 31 ಎಂಬಿ ಸಾಕು. ಎರಡು ನಿಮಿಷದ ಫೈಲ್ 15 ಜಿಬಿ ಇದ್ದದ್ದು 3.7 ಜಿಬಿಗೆ ಬಂತು.

ಜನವರಿ 8. ಮೋಡ. ಒಳಗೆ ಕೂತು ಸಣ್ಣಪುಟ್ಟ ರಿಪೇರಿ. ಫೈಲ್‌ಗಳು ಡೆಸ್ಕ್‌ಟಾಪ್‌ಗೆ ಹೋಗುತ್ತಿದ್ದವು, ಆ ಫೋಲ್ಡರ್ ಆನ್‌ಲೈನ್ ಬ್ಯಾಕಪ್‌ನಲ್ಲಿತ್ತು. ಗ್ರಾಹಕರ ಕೆಲಸಕ್ಕೆ ಬ್ಯಾಕಪ್ ಬೇಕೇ ಬೇಕು, ಆದರೆ 15 ಜಿಬಿ ಗುರುವನ್ನೂ ಅದು ಮೇಲಕ್ಕೆ ಕಳಿಸಲು ಹೊರಟಿತ್ತು. ಬೇರೆ ಫೋಲ್ಡರ್ ಮಾಡಿದೆ, ಆಂಟಿವೈರಸ್ ತಪಾಸಣೆಯಿಂದಲೂ ಅದೊಂದನ್ನೇ ಹೊರಗಿಟ್ಟೆ. ವಿದ್ಯುತ್ ಉಳಿಸಲು ಯುಎಸ್‌ಬಿ ಸಾಧನಗಳನ್ನು ಮಲಗಿಸುವ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಆಫ್. ಕ್ಯಾಮೆರಾಗೆ ನೀಲಿ ಯುಎಸ್‌ಬಿ 3 ಪೋರ್ಟ್, ಮೌಂಟ್‌ಗೆ ಇನ್ನೊಂದು, ನಡುವೆ ಹಬ್ ಬೇಡವೇ ಬೇಡ.

ನುಡಿ ಬಗ್ಗೆ ಒಂದು ಮಾತು, ಡಿಟಿಪಿಯವರಿಗೆ ಬಿಟ್ಟರೆ ಬೇರೆಯವರಿಗೆ ಈ ತೊಂದರೆ ಇರಲಿಕ್ಕಿಲ್ಲ. ಸ್ಕ್ರೋಲ್ ಲಾಕ್ ಒತ್ತಿ ನುಡಿಯ ಕನ್ನಡ ಟೈಪಿಂಗ್ ಆಫ್ ಮಾಡದೆ ಮಾಳಿಗೆಗೆ ಬಂದರೆ, ಶಾರ್ಪ್‌ಕ್ಯಾಪ್‌ನಲ್ಲಿ ಫೈಲ್ ಹೆಸರು ಬಡಿದಾಗ ಓದಲಾಗದ ಚಿಹ್ನೆಗಳು ಬೀಳುತ್ತವೆ. ನನಗೆ ಎರಡು ಸಲ ಆಯಿತು. ಈಗ ಮೆಟ್ಟಿಲು ಹತ್ತುವ ಮೊದಲೇ ನುಡಿ ಮುಚ್ಚುತ್ತೇನೆ.

ಜನವರಿ 10, ಶನಿವಾರ. ಗುರು ಸೂರ್ಯನಿಗೆ ಸರಿಯಾಗಿ ಎದುರು ಬರುವ ದಿನ. ಮಿಥುನದಲ್ಲಿರುವ ಗುರು ಹನ್ನೆರಡೂವರೆ ಹೊತ್ತಿಗೆ ಹೆಚ್ಚುಕಡಿಮೆ ನೆತ್ತಿಯ ಮೇಲೆ. ನಮ್ಮ ಊರಿನ ಅಕ್ಷಾಂಶಕ್ಕೆ ನೆತ್ತಿಯಿಂದ ಏಳು ಡಿಗ್ರಿ ಅಷ್ಟೇ ದೂರ. ಅವ್ವ ಕೆಳಗಿನಿಂದ ಕೂಗಿದಳು, "ಇನ್ನೂ ಮಲಗಿಲ್ಲೇನೋ? ಥಂಡಿ ಐತಿ, ಟೊಪ್ಪಿಗಿ ಹಾಕ್ಕೊ." ಹಾಕಿಕೊಂಡೆ.

ಮೊದಮೊದಲು ಗ್ರಹ ಬಿಸಿ ಹಂಚಿನ ಮೇಲಿನ ಗಾಳಿಯಂತೆ ನಡುಗುತ್ತಿತ್ತು. ಹನ್ನೊಂದೂವರೆ ನಂತರ ನಿಂತಿತು. ಎರಡೆರಡು ನಿಮಿಷದ ಎಂಟು ವಿಡಿಯೋ ತೆಗೆದೆ. ಅದಕ್ಕಿಂತ ಉದ್ದ ತೆಗೆಯುವುದಿಲ್ಲ, ಯಾಕೆಂದರೆ ಗುರು 9 ಗಂಟೆ 55 ನಿಮಿಷಕ್ಕೆ ಒಂದು ಸುತ್ತು ತಿರುಗುತ್ತದೆ, ಎರಡು ನಿಮಿಷದಲ್ಲೇ ನಡುವಿನ ಗುರುತು ನನ್ನ ಚಿತ್ರದಲ್ಲಿ ಸುಮಾರು ಒಂದು ಪಿಕ್ಸೆಲ್ ಸರಿದಿರುತ್ತದೆ. ಪಕ್ಕದಲ್ಲಿ ಸ್ಟೆಲೇರಿಯಮ್ ತೆರೆದಿತ್ತು, ಟ್ಯಾಲಿ ಕೂಡ ಮುಚ್ಚಿರಲಿಲ್ಲ. ಒಂದೊಂದು ವಿಡಿಯೋಗೂ 12,000 ಫ್ರೇಮ್. ಬಿಟ್ಟುಹೋದದ್ದು ಎಂಟರಲ್ಲೂ ಸೊನ್ನೆ. ಆ ಸೊನ್ನೆಯನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಂಡೆ.

ಜನವರಿ 12. ಫ್ರೇಮುಗಳನ್ನು ಜೋಡಿಸುವ ಆಟೋಸ್ಟ್ಯಾಕರ್ಟ್ ಎಲ್ಲ ಕೋರ್‌ಗಳನ್ನೂ ಹಿಡಿಯುತ್ತದೆ, ಅದರ ಜೊತೆ ಕೋರೆಲ್‌ಡ್ರಾ ನಡೆಸುವುದು ಬೇಡ. ಮಧ್ಯಾಹ್ನ ಊಟಕ್ಕೆ ಹೋಗುವಾಗ ಹಚ್ಚಿ ಹೋದೆ, ಬರುವಷ್ಟರಲ್ಲಿ ಮುಗಿದಿತ್ತು. 12,000ದಲ್ಲಿ ಚೆನ್ನಾಗಿರುವ 20 ಪರ್ಸೆಂಟ್ ಮಾತ್ರ ಇಟ್ಟುಕೊಂಡೆ. ಎರಡು ಕಂದು ಪಟ್ಟಿಗಳು ಸ್ಪಷ್ಟ ಬಂದಿವೆ, ಮೇಲಿನದರ ಅಂಚು ಹರಿದ ಬಟ್ಟೆಯ ಹಾಗೆ ಎಳೆ ಎಳೆಯಾಗಿ ಕಾಣುತ್ತದೆ. ಇಷ್ಟು ದಿನ ನನ್ನ ಯಾವ ಚಿತ್ರದಲ್ಲೂ ಆ ಎಳೆ ಇರಲಿಲ್ಲ.

ಎಸ್‌ಎಸ್‌ಡಿ ಹಾಕಿಸಬೇಕು, ಅದಕ್ಕೆ ಇನ್ನೆರಡು ಲಗ್ನಪತ್ರಿಕೆ ಆರ್ಡರ್ ಬರಲಿ. ಇವತ್ತು ಆಕಾಶ ಸ್ವಚ್ಛ ಇದೆ, ಹ್ಯಾಂಡ್‌ಬಿಲ್ ಪ್ರೂಫ್ ಸಂಜೆಯೇ ಕಳಿಸಿದ್ದೇನೆ.