ಕನಕಪುರ ರಸ್ತೆಯಲ್ಲಿ ಏರುವ ನೀರು, ಶಿವನಸಮುದ್ರದಲ್ಲಿ ಇಳಿಯುವ ನೀರು

ಬೆಂಗಳೂರಿನವರು ಶಿವನಸಮುದ್ರಕ್ಕೆ ಹೋಗುವುದು ಗಗನಚುಕ್ಕಿ, ಭರಚುಕ್ಕಿ ನೋಡಲು. ನಮ್ಮ ಚಿಕ್ಕಪ್ಪನಿಗೆ ಬೇಕಿದ್ದದ್ದು ಜಲಪಾತಕ್ಕೆ ಬೀಳದೆ ಪಕ್ಕದ ನಾಲೆ ಹಿಡಿದು ಪವರ್ ಹೌಸಿಗೆ ಹೋಗುವ ನೀರು. ಕೆಇಬಿಯಲ್ಲಿ, ಅಂದರೆ ಹಳೇ ವಿದ್ಯುತ್ ಮಂಡಳಿಯಲ್ಲಿ, ಸರ್ವೀಸ್ ಮುಗಿಸಿದವರು ಅವರು. ಆ ಹೆಸರು ಹೋಗಿ ಎಷ್ಟೋ ವರ್ಷವಾಯಿತು, ನಮ್ಮ ಮನೆಯಲ್ಲಿ ಮಾತ್ರ ಇವತ್ತಿಗೂ ಕೆಇಬಿ ಬಿಲ್ಲೇ ಬರುತ್ತದೆ. "ಕರೆಂಟಿಗೆ ಹೊಸ ಡ್ಯಾಂ ಬೇಕು ಅಂತ ಎಲ್ಲರೂ ಕೂಗ್ತಾರೆ. ಇರೋ ಕಟ್ಟೆ ಬುಡದಲ್ಲಿ ಸುಮ್ನೆ ಬಿದ್ದು ಹೋಗ್ತಿರೋ ನೀರನ್ನ ಯಾರೂ ನೋಡಲ್ಲ" ಅನ್ನುವುದು ಅವರ ಹಳೇ ತಕರಾರು. ಕೆಆರ್‌ಎಸ್ ತುಂಬಿ ಹೊಳೆಗೆ ನೀರು ಬಿಟ್ಟಿದ್ದಾರೆ ಅಂತ ಸುದ್ದಿ ಬಂದ ವಾರ, ಭಾನುವಾರ ಬೆಳಗ್ಗೆಯೇ ಬನಶಂಕರಿಯಿಂದ ಹೊರಟೆವು.

ಕನಕಪುರ ರಸ್ತೆಯಲ್ಲಿ ಮೆಟ್ರೊ ಮುಗಿಯುವವರೆಗೆ ಹೇಳುವಂಥದ್ದೇನಿಲ್ಲ, ಬರೀ ಟ್ರಾಫಿಕ್. ತಾತಗುಣಿ ದಾಟಿದ ಮೇಲೆ ಚಿಕ್ಕಪ್ಪ ಕಿಟಕಿ ಇಳಿಸಿದರು. ಬೆಂಗಳೂರಿಗೆ ಬರುವ ಕಾವೇರಿ ನೀರಿಗೆ ಕೊನೆಯ ಪಂಪಿಂಗ್ ಸ್ಟೇಷನ್ ಇಲ್ಲಿದೆ. ಅದಕ್ಕೂ ಹಿಂದಿನದು ಹಾರೋಹಳ್ಳಿಯಲ್ಲಿ, ಮೊದಲನೆಯದು ಹಲಗೂರಿನ ಆಚೆ ತೊರೆಕಾಡನಹಳ್ಳಿಯಲ್ಲಿ. ನಾವೆಲ್ಲ ಟಿ.ಕೆ.ಹಳ್ಳಿ ಅನ್ನುವುದು ಇದನ್ನೇ. ಶಿವನಸಮುದ್ರದ ಒಡ್ಡಿನ ಬಳಿ ತೆಗೆದ ನೀರು ನೆಟ್ಕಲ್ ಜಲಾಶಯಕ್ಕೆ ಬಂದು, ಟಿ.ಕೆ.ಹಳ್ಳಿಯಲ್ಲಿ ಶುದ್ಧವಾಗಿ, ಮೂರು ಕಡೆ ಪಂಪಾಗಿ, ಸುಮಾರು 100 ಕಿಲೋಮೀಟರ್ ಪೈಪಿನಲ್ಲಿ ನಮ್ಮ ಸಂಪಿಗೆ ಬೀಳುತ್ತದೆ. ಪೈಪಿನೊಳಗಿನ ತಿಕ್ಕಾಟವನ್ನೂ ಸೇರಿಸಿಕೊಂಡರೆ ಸುಮಾರು 500 ಮೀಟರ್ ಎತ್ತಿದ ಲೆಕ್ಕ.

ಹಾರೋಹಳ್ಳಿ ಹತ್ತಿರ ತಟ್ಟೆ ಇಡ್ಲಿ ತಿನ್ನುವಾಗ ಚಿಕ್ಕಪ್ಪ ಬಿಲ್ಲಿನ ಹಿಂದೆ ಲೆಕ್ಕ ಹಾಕಿದರು. ಸಾವಿರ ಲೀಟರ್ ನೀರನ್ನು 500 ಮೀಟರ್ ಎತ್ತಲು, ಪಂಪು ಒಂದಿಷ್ಟೂ ನಷ್ಟ ಮಾಡದಿದ್ದರೂ, 1.36 ಯೂನಿಟ್ ಬೇಕು. ಅದೇ ಸಾವಿರ ಲೀಟರ್ ಶಿವನಸಮುದ್ರದ ಪವರ್ ಹೌಸಿನಲ್ಲಿ ಸುಮಾರು 400 ಅಡಿ ಕೆಳಗೆ ಬಿದ್ದರೆ, ಟರ್ಬೈನ್ ಒಂದಿಷ್ಟೂ ನಷ್ಟ ಮಾಡದಿದ್ದರೂ, ಸಿಗುವುದು 0.33 ಯೂನಿಟ್. ಅಂದರೆ ನಮ್ಮ ಒಂದು ಟ್ಯಾಂಕ್ ತುಂಬಲು ಅಲ್ಲಿ ನಾಲ್ಕು ಟ್ಯಾಂಕ್ ಬೀಳಬೇಕು. ನಷ್ಟ ಹಿಡಿದರೆ ಇನ್ನೂ ಜಾಸ್ತಿ. ಕಾವೇರಿ ಕುಡಿಯುವ ನೀರಿನ ಯೋಜನೆಯ ಮೊದಲ ನಾಲ್ಕು ಹಂತಗಳಿಂದ ದಿನಕ್ಕೆ ಸುಮಾರು 145 ಕೋಟಿ ಲೀಟರ್ ಬರುತ್ತದೆ. ಅದನ್ನೆತ್ತಲು ಕಡಿಮೆಯೆಂದರೂ 20 ಲಕ್ಷ ಯೂನಿಟ್ ಆಯಿತು. ಶಿವನಸಮುದ್ರದ 42 ಮೆಗಾವ್ಯಾಟ್ ಹಗಲು ರಾತ್ರಿ ಪೂರ್ತಿ ಓಡಿದರೂ ಆಗುವುದು 10 ಲಕ್ಷ. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಐದನೇ ಹಂತದ 77.5 ಕೋಟಿ ಲೀಟರ್ ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ. ನಾನು ಮನೆಯಲ್ಲಿ ಕಾರು ತೊಳೆಯುವುದನ್ನು ಅವರು ಬೇಕಂತಲೇ ನೆನಪಿಸಿದರು.

ಮಳವಳ್ಳಿ ದಾಟಿದ ಮೇಲೆ ಬ್ಲಫ್. ಪವರ್ ಹೌಸಿನವರ ಕಾಲೊನಿಗೆ ಇಲ್ಲಿ ಎಲ್ಲರೂ ಹೇಳುವ ಹೆಸರು ಅದೇ. ಪವರ್ ಹೌಸ್ ಇರುವುದು ಕೆಳಗೆ ಕಣಿವೆಯಲ್ಲಿ. ಒಳಗೆ ಹೋಗಲು ಮೊದಲೇ ಅನುಮತಿ ಬೇಕು, ನಮ್ಮಲ್ಲಿ ಇರಲಿಲ್ಲ. ಹಾಗಾಗಿ ನಾಲೆಯ ದಂಡೆಯೇ ಗತಿ. ಅದೇ ಚೆನ್ನಾಗಿತ್ತು. ಕಂದು ಬಣ್ಣದ ನೀರು, ಮೇಲೆ ಒಂದು ಅಲೆಯೂ ಇಲ್ಲ. ನಿಂತೇ ಇದೆ ಅನ್ನಿಸುತ್ತದೆ. ಅಷ್ಟರಲ್ಲಿ ಅಂತರಗಂಗೆಯ ಒಂದು ಗೊಂಚಲು, ಅದರ ಹಿಂದೆಯೇ ಒಂದು ತೆಂಗಿನ ಮಟ್ಟೆ, ಸೇವಂತಿಗೆ ಹಾರ, ಶಾಂಪೂ ಬಾಟಲಿ ಎಲ್ಲ ಸಾಲಾಗಿ ಓಡಿಬಂದವು. ನಾನು ಜೋರಾಗಿ ನಡೆದರೂ ಬಾಟಲಿಯೇ ಮುಂದೆ ಹೋಯಿತು. ಇದೆಲ್ಲ ನಾಲೆಯ ನೀರನ್ನು ಕೆಳಗಿನ ಪವರ್ ಹೌಸಿಗೆ ಇಳಿಸುವ ಪೈಪಿನ ಬಾಯಿಯಲ್ಲಿರುವ ಕಂಬಿ ಜಾಲರಿಗೆ ಸಿಕ್ಕಿಕೊಳ್ಳುತ್ತದೆ. ಅದನ್ನು ಬಾಚಿ ತೆಗೆಯುತ್ತಲೇ ಇರಬೇಕು, ಇಲ್ಲದಿದ್ದರೆ ಟರ್ಬೈನಿಗೆ ನೀರು ಸಾಲುವುದಿಲ್ಲ. ಜಲವಿದ್ಯುತ್ ಅಂದರೆ ಅರ್ಧ ಕೆಲಸ ಕಸ ತೆಗೆಯುವುದೇ ಅಂತ ಚಿಕ್ಕಪ್ಪ ಅಂದರು.

1902ರಲ್ಲಿ ಇಲ್ಲಿ ಕರೆಂಟು ಶುರುವಾದದ್ದು ಬೆಂಗಳೂರಿಗಾಗಿ ಅಲ್ಲ, ಕೋಲಾರದ ಚಿನ್ನದ ಗಣಿಗೆ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಶುರುವಾದ ಕೆಲಸ. ಅದು ಮುಗಿಯುವ ಹೊತ್ತಿಗೆ ಅವರು ಇರಲಿಲ್ಲ. 720 ಕಿಲೋವ್ಯಾಟ್‌ನ 6 ಯಂತ್ರ, 147 ಕಿಲೋಮೀಟರ್ ತಂತಿ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರ ಆಗಸ್ಟ್ 5ರಂದು, ಸಿಟಿ ಮಾರ್ಕೆಟ್ ಹತ್ತಿರ. ಆಗ ಕೆಆರ್‌ಎಸ್ ಇರಲೇ ಇಲ್ಲ. ನದಿಗೆ ಅಡ್ಡವಾಗಿ ಒಂದು ತಗ್ಗು ಒಡ್ಡು, ಒಂದು ನಾಲೆ, ಒಂದಿಷ್ಟು ಪೈಪು, ಅಷ್ಟೇ. ಯಾವ ಊರೂ ಮುಳುಗಲಿಲ್ಲ. ಆದರೆ ಬೇಸಿಗೆಯಲ್ಲಿ ಹೊಳೆ ಸೊರಗಿದರೆ ಗಣಿಯ ಯಂತ್ರವೂ ಸೊರಗುತ್ತಿತ್ತು. 1911ರಲ್ಲಿ ಕೆಆರ್‌ಎಸ್ ಕಟ್ಟಲು ಹೊರಟಾಗ ಕೊಟ್ಟ ಕಾರಣಗಳಲ್ಲಿ ಗದ್ದೆಯ ಜೊತೆಗೆ ಇದೂ ಒಂದು. ಹೊಳೆಗೆ ಬಿದ್ದ ಸಣ್ಣ ಒಡ್ಡಿನಿಂದ ಶುರುವಾದದ್ದು ಎಲ್ಲಿಗೆ ಮುಟ್ಟಿತು ನೋಡಿ. ಸಣ್ಣದು ಅಂದ ಮಾತ್ರಕ್ಕೆ ನಿರಪಾಯ ಅಂತ ನಾನು ನಂಬುವುದಿಲ್ಲ.

ಗಗನಚುಕ್ಕಿ ವೀಕ್ಷಣಾ ಕಟ್ಟೆಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಎಲ್ಲರ ಕೈಯಲ್ಲೂ ಫೋನು. ಮಾರ್ಚ್‌ನಲ್ಲಿ ಬಂದರೆ ಇಲ್ಲಿ ಬಂಡೆಯೇ ಜಾಸ್ತಿ, ನೀರು ಕಮ್ಮಿ. ನಾಲೆಗೂ ಬೆಂಗಳೂರಿಗೂ ಹೋಗಿ ಉಳಿದದ್ದು ಮಾತ್ರ ಜಲಪಾತಕ್ಕೆ. ಭರಚುಕ್ಕಿ ಹತ್ತಿರದ ಅಂಗಡಿಯಲ್ಲಿ ಮೀನು ಕರಿಯುತ್ತಿದ್ದ ಅಮ್ಮನನ್ನು ಬಿಳಿ ಮೀನು ಇದೆಯಾ ಅಂತ ಕೇಳಿದೆ. "ಅದೆಲ್ಲಿ ಸಿಕ್ಕದಪ್ಪ ಈಗ" ಅಂತ ನಕ್ಕರು. ಬಿಳಿ ಮೀನು ಅಂದರೆ ಕಾವೇರಿಯ ಗೂನುಬೆನ್ನಿನ ಮಹಶೀರ್, ಈ ನದಿ ಬಿಟ್ಟರೆ ಬೇರೆಲ್ಲೂ ಇಲ್ಲ. 2018ರಲ್ಲಿ ಅದನ್ನು ಅಳಿವಿನಂಚಿನ ಪಟ್ಟಿಯ ತೀರ ಗಂಭೀರ ವರ್ಗಕ್ಕೆ ಸೇರಿಸಿದರು. ಅದಕ್ಕೆ ಬರೀ ಕಟ್ಟೆಗಳೇ ಕಾರಣ ಅಲ್ಲ. ಹೊರಗಿನಿಂದ ತಂದು ಬಿಟ್ಟ ಮೀನು, ಡೈನಮೈಟ್, ಮರಳು ತೆಗೆಯುವುದು ಎಲ್ಲ ಸೇರಿದೆ. ಕಟ್ಟೆಯ ಪಾಲೂ ಇದೆ.

ಅಲ್ಲೇ ಮರದ ಕೆಳಗೆ ಕೂತು ನಾನೂ ಚಿಕ್ಕಪ್ಪನೂ ವಾದಕ್ಕೆ ಇಳಿದೆವು. ಅವರ ಮಾತಿನಲ್ಲಿ ಹುರುಳಿದೆ. ಆಲಮಟ್ಟಿ ನೀರಾವರಿ ಕಟ್ಟೆ, ಅದರ ಬುಡದಲ್ಲಿ 290 ಮೆಗಾವ್ಯಾಟ್ ಇದೆ. ಹಿಡಕಲ್ ಡ್ಯಾಮಿನ ಬುಡದಲ್ಲಿ 32. ಗದ್ದೆಗೆ ಹೇಗೂ ಬಿಡಬೇಕಾದ ನೀರು ತೂಬಿನಿಂದ ರಭಸವಾಗಿ ನುಗ್ಗಿ ನೊರೆಯಾಗಿ ಹೋಗುವ ಬದಲು ಟರ್ಬೈನ್ ತಿರುಗಿಸಿ ಹೋದರೆ, ಒಂದು ಗುಂಟೆಯೂ ಹೆಚ್ಚಿಗೆ ಮುಳುಗುವುದಿಲ್ಲ. ನಾಲೆ ಮೆಟ್ಟಿಲಿನಂತೆ ಇಳಿಯುವ ಕಡೆ, ಸೆಕೆಂಡಿಗೆ ಸಾವಿರ ಲೀಟರ್ ನೀರು ಐದು ಮೀಟರ್ ಬಿದ್ದರೆ ಸುಮಾರು 40 ಕಿಲೋವ್ಯಾಟ್ ಸಿಗುತ್ತದೆ. ಅಮೆರಿಕದಲ್ಲಿ 80 ಸಾವಿರಕ್ಕೂ ಜಾಸ್ತಿ ಕಟ್ಟೆಗಳಿವೆ, ಕರೆಂಟು ಮಾಡುವುದು ನೂರಕ್ಕೆ ಮೂರೂ ಇಲ್ಲ. ಉಳಿದವುಗಳಿಂದ 12,000 ಮೆಗಾವ್ಯಾಟ್ ತೆಗೆಯಬಹುದು ಅಂತ ಅಲ್ಲಿನ ಇಂಧನ ಇಲಾಖೆ 2012ರಲ್ಲಿ ಲೆಕ್ಕ ಹಾಕಿತ್ತು.

"ಮತ್ತೆ ಇನ್ನೇನೋ ನಿಂದು?" ಅಂದರು ಚಿಕ್ಕಪ್ಪ.

ನನ್ನದು ಇಷ್ಟೇ. ಗೇಟು ಯಾರ ಮಾತು ಕೇಳಬೇಕು? ಸಂಜೆ ಕರೆಂಟಿಗೆ ಬೇಡಿಕೆ ಏರಿದಾಗ ಒಮ್ಮೆಗೇ ನೀರು ಬಿಟ್ಟು, ರಾತ್ರಿ ನಿಲ್ಲಿಸಿದರೆ, ಕೆಳಗಿನ ಹೊಳೆ ದಿನಕ್ಕೊಮ್ಮೆ ಉಬ್ಬಿ ದಿನಕ್ಕೊಮ್ಮೆ ಒಣಗುತ್ತದೆ. ಮೀನಿನ ಮೊಟ್ಟೆ ಬಂಡೆಯ ಮೇಲೆ ಉಳಿದುಬಿಡುತ್ತದೆ, ಬಟ್ಟೆ ಒಗೆಯಲು ಇಳಿದವರು ಕೊಚ್ಚಿಹೋಗುತ್ತಾರೆ. ಆಳದ ಜಲಾಶಯದ ತಳದ ನೀರಿನಲ್ಲಿ ಆಮ್ಲಜನಕವೂ ಕಡಿಮೆ. ತೂಬಿನಿಂದ ನುಗ್ಗುವಾಗ ಅದಕ್ಕೆ ಗಾಳಿ ಸೇರುತ್ತದೆ, ಟರ್ಬೈನಿನೊಳಗೆ ಹೋದರೆ ನಾವೇ ಗಾಳಿ ಸೇರಿಸುವ ವ್ಯವಸ್ಥೆ ಮಾಡಬೇಕು. ಇನ್ನು ಮಲೆನಾಡಿನ ಹಳ್ಳಗಳಿಗೆ ಹೊಸದಾಗಿ ಒಡ್ಡು ಹಾಕಿ, ಕಾಡು ಕಡಿದು ರಸ್ತೆ ಮಾಡಿ, ಅದಕ್ಕೂ ಕಿರು ಜಲವಿದ್ಯುತ್ ಅಂತಲೇ ಹೆಸರಿಡುತ್ತಾರಲ್ಲ, ಅದನ್ನೂ ಇದನ್ನೂ ಒಂದೇ ತಕ್ಕಡಿಗೆ ಹಾಕಲು ನನಗೆ ಮನಸ್ಸಿಲ್ಲ. ಸರ್ಕಾರದ ಲೆಕ್ಕದಲ್ಲಿ 25 ಮೆಗಾವ್ಯಾಟ್‌ವರೆಗೆ ಎಲ್ಲವೂ ಕಿರು ಜಲವಿದ್ಯುತ್ತೇ.

ಚಿಕ್ಕಪ್ಪ ಉತ್ತರ ಕೊಡುವ ಮೊದಲೇ, ಪಕ್ಕದಲ್ಲಿ ಬೀಡಿ ಸೇದುತ್ತಿದ್ದ ಹಿರಿಯರೊಬ್ಬರು ಮಧ್ಯೆ ಬಂದರು. ಹಿಂದೆ ನೀರುಗಂಟಿಯಾಗಿದ್ದರಂತೆ. "ಗದ್ದೆ ನೋಡ್ಕಂಡು ನೀರ್ ಬುಡ್ತಿದ್ವಿ ಸಾ. ಕರೆಂಟ್‌ನೋರು ಬೇಕಾರೆ ಅದ್ರಲ್ಲೇ ತಿರುಗಿಸ್ಕಳ್ಲಿ." ಚಿಕ್ಕಪ್ಪ ಇದನ್ನು ಒಪ್ಪಿದರು, ಆದರೆ ಹಾಗೆ ಮಾಡಿದರೆ ನಾಲೆ ಮುಚ್ಚಿದ ತಿಂಗಳುಗಳಲ್ಲಿ ಯಂತ್ರ ಸುಮ್ಮನೆ ಕೂರುತ್ತೆ, ಹಾಕಿದ ದುಡ್ಡು ಬರುವುದು ತಡ ಅಂದರು. ತಗ್ಗು ಕಟ್ಟೆಗಳದು ಇನ್ನೂ ಒಂದು ಫಜೀತಿ. ಪ್ರವಾಹ ಬಂದಾಗ ಕಟ್ಟೆಯ ಕೆಳಗೂ ನೀರು ಏರುತ್ತದೆ, ಬೀಳುವ ಎತ್ತರವೇ ಉಳಿಯುವುದಿಲ್ಲ. ಹೊಳೆ ತುಂಬಿದ ದಿನವೇ ಯಂತ್ರ ನಿಲ್ಲಿಸಬೇಕಾಗುತ್ತದೆ.

ಹೋಗುವವರಿಗೆ ಎರಡು ಮಾತು. ಜುಲೈನಿಂದ ಸೆಪ್ಟೆಂಬರ್ ಒಳಗೆ, ಕೆಆರ್‌ಎಸ್‌ನಿಂದ ನೀರು ಬಿಟ್ಟ ಸುದ್ದಿ ನೋಡಿಕೊಂಡು ಹೊರಡಿ. ಭಾನುವಾರ ಬೇಡ. ನೀರಿಗೆ ಇಳಿಯಲೇಬೇಡಿ, ಮೇಲೆ ಗೇಟು ಯಾವಾಗ ತೆಗೆಯುತ್ತಾರೆ ಅನ್ನುವುದು ಕೆಳಗೆ ನಿಂತವರಿಗೆ ತಿಳಿಯುವುದಿಲ್ಲ. ಮುಂದಿನ ಸಲ ಹಿಡಕಲ್‌ಗೆ ಹೋಗೋಣ ಅಂತ ಚಿಕ್ಕಪ್ಪ ಹೇಳಿದ್ದಾರೆ. ಲೆಕ್ಕ ಅವರದಂತೆ, ಪೆಟ್ರೋಲ್ ನನ್ನದಂತೆ.