ಒದ್ದೆಯಾಗದ ನೋಟು

ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬರುವ ಜಮ್ಮಾ ಬಾಣೆ ಜಮೀನಿನ ಪಹಣಿ ತಿದ್ದುಪಡಿಗೆಂದು ಇಂದು ಕಚೇರಿಯೊಂದರಲ್ಲಿ ಸಾಲಿನಲ್ಲಿ ನಿಂತಿದ್ದಾಗ, ನನ್ನ ಮುಂದಿದ್ದ ಹಿರಿಯರು ಮಳೆಗೆ ನೆನೆಯದಂತೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಂದಿದ್ದ 500 ರೂಪಾಯಿಯ ನೋಟನ್ನು ಬಿಡಿಸಿ, ಅಂಗಿಯ ತುದಿಯಿಂದ ಒರೆಸಿ, ಅರ್ಜಿಯ ಕೆಳಗಿಟ್ಟು ಒಳಗೆ ಸರಿಸಿದರು. ಅರ್ಜಿ ಮಾತ್ರ ಪೂರ್ತಿ ಒದ್ದೆಯಾಗಿತ್ತು.

ಯಾರೂ ಬಾಯಿಬಿಟ್ಟು ಕೇಳಿರಲಿಲ್ಲ. ನನ್ನ ಸರದಿ ಬಂದಾಗ ನಾನೂ ಕೊಟ್ಟೆ.

ರಾತ್ರಿ ಕರೆಂಟಿಲ್ಲದೆ, ನೆಟ್‌ವರ್ಕ್ ಸಿಗುವ ಜಗಲಿಯ ಮೂಲೆಯಲ್ಲಿ ಕುಳಿತಿದ್ದಾಗ, ಬೆಂಗಳೂರಿನ ಜನಾಗ್ರಹ ಸಂಸ್ಥೆ 2010ರಲ್ಲಿ ಆರಂಭಿಸಿದ ‘ಐ ಪೇಯ್ಡ್ ಎ ಬ್ರೈಬ್’ ಜಾಲತಾಣ ನೆನಪಾಯಿತು. ಯಾವ ಕೆಲಸಕ್ಕೆ ಎಷ್ಟು ಲಂಚ ಕೊಟ್ಟೆವೆಂದು ಹೆಸರು ಹೇಳದೆಯೇ ಬರೆಯಲು ಅಲ್ಲಿ ಅವಕಾಶವಿತ್ತು. ಜನರನ್ನು ಅಲ್ಲಿಗೆ ಎಳೆದದ್ದು ಬರೀ ಸಿಟ್ಟು ಎಂದು ನನಗನಿಸುವುದಿಲ್ಲ. ಕೊಟ್ಟ ನಾಚಿಕೆಯನ್ನು ಎಲ್ಲಾದರೂ ಇಳಿಸಬೇಕು, ತನ್ನಂತೆ ಕೊಟ್ಟವರು ಇನ್ನೆಷ್ಟು ಮಂದಿಯೆಂದು ತಿಳಿಯಬೇಕು ಎಂಬ ಆಸೆಯೇ ಹೆಚ್ಚಿರಬೇಕು. ಅದರಲ್ಲೂ ನಮ್ಮ ಕೊಡಗಿನಂಥ ಸಣ್ಣ ಜಿಲ್ಲೆಯಲ್ಲಿ ಹೆಸರು ಹಾಕಿ ದೂರು ಕೊಡಹೊರಟರೆ, ಆ ಗುಮಾಸ್ತರು ನೆಂಟರೊಬ್ಬರ ಭಾವನೋ, ಮುಂದಿನ ಮದುವೆಯೂಟದಲ್ಲಿ ನಮ್ಮೆದುರೇ ಕೂರುವವರೋ ಆಗಿರುತ್ತಾರೆ!

ಮೊಬೈಲಿನಲ್ಲಿ ಮೊತ್ತವನ್ನು ಬರೆದಿಟ್ಟಿದ್ದೇನೆ. ಇಲಾಖೆಯ ಹೆಸರನ್ನು ಇನ್ನೂ ಬರೆದಿಲ್ಲ.